ಆಲ್ಟರೇಶನ್ ಅತ್ತೆಯ ಏರ್ ಗನ್

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ದಿನವಿಡೀ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವ ಕೈ ಇದು. ಕಾಗದಕ್ಕೆ ಬಂದ ಕೂಡಲೇ ಒಂದು ಪಕ್ಕಕ್ಕೆ ವಾಲುತ್ತದೆ. ಪದಗಳೂ ನನಗೆ ಹೆಚ್ಚು ಗೊತ್ತಿಲ್ಲ. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು. ಎದ್ದು ನಿಂತು ಉತ್ತರ ಹೇಳು ಎಂದರೆ ಬಾಯಿ ಬಿಡಲಾಗುತ್ತಿರಲಿಲ್ಲ, ಅಷ್ಟೇ ಕಾರಣ. ಆದ್ದರಿಂದ ಇದನ್ನು ಮೂರು ಸಲ ಬರೆದು, ಮೂರನೆಯದನ್ನು ಕೊಡುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮ ಬೀದಿಯ ವಾಚನಾಲಯದ ಕೈಬರಹದ ಪತ್ರಿಕೆಗೆ ಬೀದಿಯ ಯಾರಾದರೊಬ್ಬರ ಬಗ್ಗೆ ಬರೆದುಕೊಡು ಎಂದು ಗ್ರಂಥಪಾಲಕರು ಹೇಳಿದರು. ಈವರೆಗೆ ಬಂದ ಎಂಟು ಸಂಚಿಕೆಗಳಲ್ಲಿ ಟಿಂಬರ್ ಯಾರ್ಡಿನ ಯಜಮಾನರ ಬಗ್ಗೆಯೇ ಮೂರು ಲೇಖನ ಬಂದಿವೆ. ಒಂದರಲ್ಲಿ ಅವರ ಸರಳತೆ, ಇನ್ನೊಂದರಲ್ಲಿ ಅವರ ಔದಾರ್ಯ, ಮೂರನೆಯದರಲ್ಲಿ ಅವರ ಹೊಸ ಕಾರು. ಇನ್ನು ಹೇಳಲು ಅವರಲ್ಲಿ ಹೆಚ್ಚೇನೂ ಉಳಿದಿರಲಾರದು. ಹಾಗಾಗಿ ನಾನು ನಮ್ಮ ಅತ್ತೆಯ ಬಗ್ಗೆ ಬರೆಯುತ್ತೇನೆ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಬೀದಿಯವರೆಲ್ಲ ‘ಆಲ್ಟರೇಶನ್ ಅತ್ತೆ’ ಎನ್ನುತ್ತಾರೆ. ಅವರು ಹೊಸ ಬಟ್ಟೆ ಹೊಲಿಯುವುದಿಲ್ಲ. ಬೇರೆಯವರು ಹೊಲಿದು ಕೆಡಿಸಿದ್ದನ್ನು, ಅಂಗಡಿಯವರು ಅಳತೆ ತಪ್ಪಿ ಮಾರಿದ್ದನ್ನು, ಮೈ ಬೆಳೆದು ಬಿಗಿಯಾದದ್ದನ್ನು ಸರಿಮಾಡುತ್ತಾರೆ. ಜಿಪ್ ಬದಲಿಸುವುದು, ತೋಳು ಗಿಡ್ಡ ಮಾಡುವುದು, ಸೊಂಟ ಬಿಡಿಸುವುದು. ಯಾರು ದಪ್ಪಗಾದರು, ಯಾರು ಕುಡಿತ ಬಿಟ್ಟು ಇಳಿದರು, ಯಾರ ಜೇಬು ಪದೇ ಪದೇ ಹರಿಯುತ್ತದೆ ಎಂಬುದೆಲ್ಲ ವೈದ್ಯರಿಗಿಂತ ಮೊದಲು ಅವರಿಗೆ ಗೊತ್ತು. ಯಜಮಾನರ ಪ್ಯಾಂಟಿನ ಸೊಂಟವನ್ನು ನಾಲ್ಕು ಸಲ ಬಿಡಿಸಿ ಕೊಟ್ಟಿದ್ದಾರೆ. ನಾಲ್ಕು ಸಲವೂ ಯಜಮಾನರು, ಈಗಿನ ಬಟ್ಟೆ ನೀರಿಗೆ ಕುಗ್ಗುತ್ತದೆ ಎಂದೇ ಹೇಳಿದರು. ಅತ್ತೆಯೂ ಹೌದು, ಬಹಳ ಕುಗ್ಗುತ್ತದೆ ಎಂದರು.

ಹದಿನೇಳನೇ ವಯಸ್ಸಿಗೆ ಅತ್ತೆ ಯಂತ್ರದ ಮುಂದೆ ಕೂತರು. ಆಗ ಅಪ್ಪನಿಗೆ ಒಂಬತ್ತು ವರ್ಷ. ಅಪ್ಪನನ್ನು ಓದಿಸಿ, ನೀರಿನ ಕಚೇರಿಯಲ್ಲಿ ಮೀಟರ್ ಓದುವ ಕೆಲಸಕ್ಕೆ ಸೇರಿಸಿ, ಮದುವೆ ಮಾಡಿಸಿದ್ದು ಅವರೇ. ಅವರ ಮದುವೆಯ ಮಾತೂ ಎರಡು ಸಲ ಬಂದಿತ್ತಂತೆ. ಎರಡು ಸಲವೂ ಬಂದವರು ಪ್ಯಾಂಟಿನ ಉದ್ದ ಕಡಿಮೆ ಮಾಡಿಸಿಕೊಂಡು ಹೋದರಂತೆ, ಮತ್ತೆ ಬರಲಿಲ್ಲ. ನನ್ನ ತಾಯಿ ತೀರಿಕೊಂಡ ಮೇಲೆ ನಾನೂ ಅತ್ತೆಯ ಪಾಲಿಗೆ ಬಂದೆ. ಅವರ ಯಂತ್ರ ಗೋಡೆಗೆ ಮುಖ ಮಾಡಿದೆ, ಏಕೆಂದರೆ ಬೆಳಕಿನ ಕಿಟಕಿ ಇರುವುದು ಅಲ್ಲೇ. ಮೂವತ್ತನಾಲ್ಕು ವರ್ಷ ಅವರು ಬೀದಿಗೆ ಬೆನ್ನು ಹಾಕಿ ಕೂತಿದ್ದಾರೆ. ಬೀದಿಯಲ್ಲಿ ಯಾರು ಹೋದರೆಂದು ಚಪ್ಪಲಿಯ ಸದ್ದಿನಲ್ಲಿ ಹೇಳುತ್ತಾರೆ.

ಇಂಥವರಿಗೆ ಏರ್ ಗನ್ ಹುಚ್ಚು ಹಿಡಿದದ್ದು ಯಜಮಾನರಿಂದಲೇ.

ಟಿಂಬರ್ ಯಾರ್ಡಿನ ಹಿಂಭಾಗದಲ್ಲಿ ಒಂದು ಉದ್ದನೆಯ ಶೆಡ್ ಇದೆ. ಪ್ರತಿ ಭಾನುವಾರ ಬೆಳಿಗ್ಗೆ ಅಲ್ಲಿ ಎಂಟು ಜನ ದೊಡ್ಡ ಮನುಷ್ಯರು ಸೇರಿ ಏರ್ ಗನ್ನಿನಲ್ಲಿ ಕಾಗದಕ್ಕೆ ಗುರಿಯಿಟ್ಟು ಹೊಡೆಯುತ್ತಾರೆ. ಅದಕ್ಕೆ ಕ್ಲಬ್ ಎಂದು ಹೆಸರು. ಎಂಟು ಕುರ್ಚಿ, ಎಂಟು ಸದಸ್ಯರು, ಒಬ್ಬ ಅಧ್ಯಕ್ಷರು. ಅಧ್ಯಕ್ಷರು ಯಾರೆಂದು ಹೇಳಬೇಕಾಗಿಲ್ಲ. ಕಾಗದದ ಹಿಂದೆ ಗುಂಡು ತಡೆಯಲು ದಪ್ಪ ಕ್ಯಾನ್ವಾಸಿನ ಪರದೆ ಇಳಿಬಿಟ್ಟಿರುತ್ತದೆ. ಹಳೆಯ ಪರದೆ ಜಾಲರಿಯಂತಾದಾಗ, ಎರಡು ಪದರ ಸೇರಿಸಿ ಹೊಸದು ಹೊಲಿದುಕೊಡಲು ಅತ್ತೆಗೆ ಹೇಳಿದರು. ಹೊಸದು ಹೊಲಿಯುವುದಿಲ್ಲ ಎಂದರೂ ಕೇಳಲಿಲ್ಲ.

ಪರದೆ ಕೊಡಲು ಹೋದಾಗ ನಾನೂ ಜೊತೆಗಿದ್ದೆ. ಸದಸ್ಯರು ಬಹಳ ಖುಷಿಯಲ್ಲಿದ್ದರು.

“ಏನಮ್ಮ, ಸೂಜಿಗೆ ದಾರ ಹಾಕೋದು ಬಿಟ್ಟು ಒಂದು ಗುಂಡು ಹಾರಿಸ್ತೀರಾ?” ಎಂದರು ಒಬ್ಬರು.

“ಕಣ್ಣು ಮುಚ್ಚಿಕೊಂಡ್ರೆ ಸಾಕು, ಹೆದರ್ಬೇಡಿ,” ಎಂದರು ಯಜಮಾನರು. ಅವರ ಔದಾರ್ಯದ ಬಗ್ಗೆ ಆಗಲೇ ಲೇಖನ ಬಂದಿದೆಯಲ್ಲ, ಅದೇ ಔದಾರ್ಯದಿಂದ ತಮ್ಮ ಬಂದೂಕನ್ನೇ ಕೊಟ್ಟರು.

ಅತ್ತೆ ಕಣ್ಣು ಮುಚ್ಚಲಿಲ್ಲ. ಕಾಗದದ ನಟ್ಟನಡುವೆ, ಗುಂಡಿ ಹೊಲಿಯಲು ಗುರುತು ಹಾಕಿದಂತೆ, ಒಂದು ತೂತು ಬಿತ್ತು.

ಎಲ್ಲರೂ ಎದ್ದು ಕಾಗದದ ಹತ್ತಿರ ಹೋಗಿ ನೋಡಿದರು. ಆಮೇಲೆ ಎಂಟೂ ಜನ ಒಟ್ಟಿಗೆ “ಅದೃಷ್ಟ” ಎಂದರು. ಆ ಕ್ಲಬ್ಬಿನಲ್ಲಿ ಅಷ್ಟು ಒಗ್ಗಟ್ಟು ಹಿಂದೆಂದೂ ಇರಲಿಲ್ಲವಂತೆ.

ಅತ್ತೆ ನಾಲ್ಕು ದಿನ ಎಂದಿನಂತೆ ಕೆಲಸ ಮಾಡಿದರು. ಐದನೆಯ ದಿನ ಒಂದು ಕೋಟಿನ ಒಳಪದರ ಬಿಚ್ಚುತ್ತಾ, “ಪುಟ್ಟಿ, ಏರ್ ಗನ್ನಿಗೆ ಎಷ್ಟಾಗತ್ತೆ ಗೊತ್ತಾ?” ಎಂದರು.

ನಾನು ಅವರ ಮುಖ ನೋಡಿದೆ. ತಮಾಷೆ ಅಲ್ಲ.

“ಅವತ್ತು ಆ ಬಂದೂಕಿನ ಕುದುರೆ ಎಳೆದೆನಲ್ಲ, ಆ ಒಂದು ಗಳಿಗೆ ನನ್ನ ತಲೇಲಿ ಯಾರ ಅಳತೆನೂ ಇರ್ಲಿಲ್ಲ ಕಣೆ. ಸೊಂಟ, ಎದೆ, ತೋಳು ಏನೂ ಇಲ್ಲ. ಖಾಲಿ. ಮೂವತ್ತನಾಲ್ಕು ವರ್ಷದಲ್ಲಿ ಮೊದಲ್ನೇ ಸಲ.” ಸ್ವಲ್ಪ ಹೊತ್ತು ಹೊಲಿಗೆ ಬಿಚ್ಚಿದರು. “ಆ ಕ್ಲಬ್ಬಿನವರಲ್ಲಿ ಒಬ್ರು ಬೇರೆ ಊರಿಗೆ ಹೋಗ್ತಾರಂತೆ. ಒಂದು ಕುರ್ಚಿ ಖಾಲಿ ಆಗತ್ತೆ.”

ಆ ಕುರ್ಚಿ ಅವರಿಗೆ ಬೇಕಾಗಿತ್ತು. ಅದಕ್ಕೆ ಮೊದಲು ಅತ್ತೆ ತಮಗಾಗಿ ಏನಾದರೂ ಬೇಕು ಎಂದದ್ದು ನನಗೆ ನೆನಪಿಲ್ಲ. ಹೊಸ ಕತ್ತರಿ ಕೇಳಿದ್ದುಂಟು, ಆದರೆ ಅದು ಅಂಗಡಿಗೆ.

ಕ್ಲಬ್ಬಿನ ಗೋಡೆಯ ಮೇಲೆ ನಿಯಮದ ಹಲಗೆ ಇದೆ. ಹೊಸ ಸದಸ್ಯರಾಗುವವರು ಸ್ವಂತ ಬಂದೂಕು ತರಬೇಕು. ಹತ್ತು ಮೀಟರ್ ದೂರದಿಂದ, ಟೀ ಲೋಟದ ಬಾಯಿಯಷ್ಟು ದೊಡ್ಡ ವೃತ್ತದೊಳಗೆ, ಐದಕ್ಕೆ ಐದೂ ಗುಂಡು ಹೊಡೆಯಬೇಕು. ಪರೀಕ್ಷೆ ತಿಂಗಳ ಕೊನೆಯ ಭಾನುವಾರ. ಹೆಂಗಸರು ಬರಬಾರದೆಂದು ಬರೆದಿಲ್ಲ. ಬರೆಯುವ ಅಗತ್ಯ ಬರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಅಪ್ಪನಿಗೆ ಹೇಳಿದಾಗ ಅವರು ತುತ್ತನ್ನು ಕೈಯಲ್ಲೇ ಹಿಡಿದು ಕೂತರು.

“ಅಕ್ಕ, ಗಿರಾಕಿಗಳು ದುಡ್ಡು ಕೊಡೋದು ತಡ ಮಾಡ್ತಾರೆ ಅಂತ ಗೊತ್ತಿತ್ತು. ವಿಷಯ ಇಲ್ಲೀವರೆಗೂ ಬಂದಿದೆ ಅಂತ ಗೊತ್ತಿರ್ಲಿಲ್ಲ.”

“ನೀನು ಸುಮ್ನೆ ಊಟ ಮಾಡು.”

“ಮಾಡ್ತೀನಿ ಮಾಡ್ತೀನಿ. ಇನ್ಮೇಲೆ ಉಪ್ಪು ಕಡಿಮೆ ಅಂತ ಬಾಯಿ ಬಿಡಲ್ಲ.”

ಮಾರನೆಯ ದಿನ ಅಂಗಡಿಗೆ ರಜೆ ಹಾಕಿ ಇಬ್ಬರೂ ಹೊರಟೆವು. ಮೊದಲು ಹೋದದ್ದು ಗಾಜಿನ ಬಾಗಿಲಿನ ದೊಡ್ಡ ಕ್ರೀಡಾ ಸಾಮಾನಿನ ಅಂಗಡಿಗೆ. ಅಲ್ಲಿ ಟೈ ಕಟ್ಟಿದ ಒಬ್ಬರು ಇದ್ದರು. ಬಹಳ ತಿಳಿದವರು. ನಾವು ಬಾಯಿ ತೆರೆಯುವ ಮೊದಲೇ ಅವರಿಗೆ ಎಲ್ಲ ಗೊತ್ತಿತ್ತು.

“ಮಗನಿಗಾ ಮೇಡಂ?”

“ಅಲ್ಲ.”

“ಮನೆಯವರಿಗಾ?”

“ಅಲ್ಲ.”

“ಪಾರಿವಾಳ ಓಡಿಸೋಕಾ?”

“ನನಗೆ. ಗುರಿ ಹೊಡೆಯೋಕೆ.”

ಅವರು ನನ್ನ ಕಡೆ ನೋಡಿದರು, ನಾನು ಏನಾದರೂ ಬೇರೆ ಹೇಳುತ್ತೇನೇನೋ ಎಂದು. ನಾನು ನೆಲ ನೋಡಿದೆ. ಆಮೇಲೆ ಅವರು ಒಳಗಿನಿಂದ ಒಂದು ಗುಲಾಬಿ ಬಣ್ಣದ್ದನ್ನು ತಂದರು. ಹೆಂಗಸರಿಗೆಂದೇ ಬಂದದ್ದಂತೆ. ಅದರಲ್ಲಿ ಬಣ್ಣ ಬಿಟ್ಟರೆ ಹೆಂಗಸರಿಗೆ ಏನಿದೆ ಎಂದು ಅತ್ತೆ ಕೇಳಿದರು. ಬಣ್ಣ ಬಿಟ್ಟರೆ ಇನ್ನೇನೂ ಇರಲಿಲ್ಲ. ಗುಲಾಬಿಯನ್ನು ಒಳಗಿಟ್ಟು ಕಪ್ಪನೆಯ ಇನ್ನೊಂದನ್ನು ತಂದರು. ಅದರ ಮೇಲೆ ಒಂದು ದೂರದರ್ಶಕ ಕೂತಿತ್ತು.

“ಇದು ನೋಡಿ. ಸೆಕೆಂಡಿಗೆ ಸಾವಿರ ಅಡಿ ವೇಗ!”

“ಯಾಕೆ?” ಎಂದರು ಅತ್ತೆ.

“ಯಾಕೆ ಅಂದ್ರೆ... ವೇಗ ಮೇಡಂ.”

“ನಾನು ಹೊಡೆಯೋದು ಕಾಗದಕ್ಕೆ. ಕಾಗದಕ್ಕೇನು ಕಾಲಿದ್ಯಾ, ಓಡಿ ಹೋಗೋಕೆ?”

ಟೈನವರು ನಗಲಿಲ್ಲ. ಅತ್ತೆ ಚೀಲದಿಂದ ಟೇಪು ತೆಗೆದು ಬಂದೂಕಿನ ಅಳತೆ ತೆಗೆಯಲು ಶುರು ಮಾಡಿದರು. ನನ್ನ ಕೈಯಲ್ಲಿ ಗಿರಾಕಿಗಳ ಅಳತೆ ಪುಸ್ತಕ ಇತ್ತು. ಮರದ ಹಿಡಿಯ ತುದಿಯಿಂದ ಕುದುರೆಯವರೆಗೆ ಹದಿನಾಲ್ಕೂವರೆ ಇಂಚು ಎಂದರು, ಬರೆದುಕೊಂಡೆ. ಅತ್ತೆ ತಮ್ಮ ಮೊಣಕೈಯ ಮಡಿಕೆಯಿಂದ ತೋರುಬೆರಳಿನವರೆಗೆ ಅಳೆದರು. ಹದಿಮೂರು.

“ತೋಳು ಉದ್ದ ಆಯ್ತು,” ಎಂದರು. “ಇದನ್ನ ಹಿಡಿದ್ರೆ ನಾನು ಕುತ್ತಿಗೆ ಚಾಚ್ಬೇಕು. ಆಲ್ಟರ್ ಮಾಡಿ ಕೊಡ್ತೀರಾ?”

ಬಂದೂಕು ಆಲ್ಟರ್ ಮಾಡುವುದಿಲ್ಲ ಎಂದು ಅವರು ಗಂಭೀರವಾಗಿ ತಿಳಿಸಿದರು. ಬೆಲೆ ಹೇಳಿದ ಮೇಲೆ ಅತ್ತೆಯೂ ಗಂಭೀರವಾದರು. ಆ ಹಣಕ್ಕೆ ಇನ್ನೊಂದು ಹೊಲಿಗೆ ಯಂತ್ರ ಬರುತ್ತಿತ್ತು, ಅದೂ ಮೋಟಾರಿನದು.

ಎರಡನೆಯ ಅಂಗಡಿ ಹಳೆಯ ಪೇಟೆಯಲ್ಲಿ, ಬೀಗ, ಹಗ್ಗ, ಮೀನಿನ ಗಾಳ ಮಾರುವ ಅಂಗಡಿ. ಅದರ ಮುದುಕರು ಪತ್ರಿಕೆಯಿಂದ ತಲೆ ಎತ್ತದೆ, “ಗುರಿಗೋ, ಹಕ್ಕಿಗೋ?” ಎಂದರು. ಯಾರಿಗೆ ಎಂದು ಕೇಳಲಿಲ್ಲ. ಅಷ್ಟಕ್ಕೇ ಅತ್ತೆ ಸ್ಟೂಲು ಎಳೆದು ಕೂತುಬಿಟ್ಟರು.

ಮುದುಕರು ಹೇಳಿದ್ದನ್ನು ನಾನು ಅಳತೆ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡಿದ್ದೇನೆ. ಗ್ಯಾಸಿನ ಸಿಲಿಂಡರು ಹಾಕುವ ಬಂದೂಕು ಕೊಳ್ಳುವಾಗ ಅಗ್ಗ, ಆಮೇಲೆ ಸಿಲಿಂಡರು ಕೊಂಡೂ ಕೊಂಡೂ ಸಾಕಾಗುತ್ತದೆ. ನಳಿಗೆಯನ್ನು ಬುಡದಲ್ಲಿ ಮಡಚಿ ಸ್ಪ್ರಿಂಗ್ ಬಿಗಿ ಮಾಡುವಂಥದ್ದಕ್ಕೆ ಕೈಬಲ ಬಿಟ್ಟರೆ ಖರ್ಚಿಲ್ಲ. ಕಾಗದಕ್ಕೆ ನಾಲ್ಕೂವರೆ ಮಿಲಿಮೀಟರಿನ ಗುಂಡು ಸಾಕು. ಸ್ಪ್ರಿಂಗ್ ಎಷ್ಟು ಬಲವೋ ಅಷ್ಟು ಒದೆಯುತ್ತದೆ, ಅಷ್ಟು ಗುರಿ ತಪ್ಪುತ್ತದೆ. ಅಗ್ಗದ ದೂರದರ್ಶಕ ಹಾಕಿದರೆ ಆ ಒದೆತಕ್ಕೆ ಅದೂ ಸಡಿಲವಾಗುತ್ತದೆ. ನಳಿಗೆಯ ತುದಿಯ ಮೊನೆಯನ್ನೂ ಹಿಂದಿನ ಸೀಳನ್ನೂ ಒಂದು ಸಾಲಿಗೆ ತಂದರೆ ಹತ್ತು ಮೀಟರಿಗೆ ಅದೇ ಬೇಕಾದಷ್ಟು. ಗುಂಡಿಲ್ಲದೆ ಖಾಲಿ ಹೊಡೆಯಬಾರದು. ಮನುಷ್ಯರ ಕಡೆ ತಮಾಷೆಗೂ ತಿರುಗಿಸಬಾರದು.

“ಗುಂಡು ಚಪ್ಪಟೆ ತಲೇದು ತಗೊಳ್ಳಿ,” ಎಂದು ಎರಡು ಕಾಗದ ತೋರಿಸಿದರು. ಚೂಪು ತಲೆಯ ಗುಂಡು ಕಾಗದವನ್ನು ಹರಿದಿತ್ತು. ಚಪ್ಪಟೆ ತಲೆಯದು ದುಂಡಗೆ ಕತ್ತರಿಸಿತ್ತು.

ಅತ್ತೆ ಆ ದುಂಡು ತೂತನ್ನು ಬೆಳಕಿಗೆ ಹಿಡಿದು, “ಕಾಜಾ ಹೀಗೆ ಬರ್ಬೇಕು ನೋಡೆ,” ಎಂದರು. ಕಾಜಾ ಎಂದರೆ ಗುಂಡಿ ತೂರಿಸುವ ತೂತು. ನನ್ನ ಕಾಜಾಗಳ ಬಗ್ಗೆ ಅತ್ತೆಗೆ ಇನ್ನೂ ಸಮಾಧಾನವಿಲ್ಲ.

ಮುದುಕರು ಮೇಲಿನ ಅಟ್ಟದಿಂದ ಧೂಳು ಹಿಡಿದ ಒಂದು ಪೆಟ್ಟಿಗೆ ಇಳಿಸಿದರು. ಹಳೆಯ ಮಾದರಿ, ಮರದ ಹಿಡಿ, ವೇಗ ಕಡಿಮೆ ಎಂದು ಯಾರೂ ಕೊಳ್ಳದೆ ಆರು ವರ್ಷದಿಂದ ಬಿದ್ದಿತ್ತಂತೆ. ಅತ್ತೆ ಟೇಪು ಹಿಡಿದರು. ಹನ್ನೆರಡು ಮುಕ್ಕಾಲು. ಕಾಲಿಂಚು ಕಡಿಮೆ ಎಂದರೆ ಚಳಿಗಾಲದಲ್ಲಿ ಸ್ವೆಟರ್ ಹಾಕಿದರೆ ಸರಿಹೋಗುತ್ತದೆ ಎಂದರು. ನಳಿಗೆ ಮಡಚಿ ನೋಡಿದರು. ಮೊದಲ ಸಲ ಅರ್ಧಕ್ಕೆ ನಿಂತಿತು, ಎರಡನೆಯ ಸಲ ‘ಟಕ್’ ಎಂದಿತು. ಬೆಲೆ ಮೊದಲಿನದರ ಮೂರರಲ್ಲಿ ಒಂದು ಪಾಲು. ಆದರೂ ಚೌಕಾಸಿ ಮಾಡಿ ಎರಡು ಡಬ್ಬಿ ಗುಂಡು ಹಾಕಿಸಿಕೊಂಡರು.

ಹೊರಡುವಾಗ ಮುದುಕರು, “ಆಗಾಗ ಎಣ್ಣೆ ಬಟ್ಟೇಲಿ ಹೊರಗಡೆ ಒರೆಸಿ. ಅಷ್ಟೇ,” ಎಂದರು.

ಇಲ್ಲಿ ಅತ್ತೆ ಮಾಡಿದ ತಪ್ಪನ್ನು ಬರೆಯಬೇಕು. ನಾನೂ ಪಾಲುದಾರಳೇ.

ನಮ್ಮ ಅಂಗಡಿಯಲ್ಲಿ ಶನಿವಾರ ಎಂದರೆ ಎಣ್ಣೆಯ ದಿನ. ಸಂಜೆ ಅತ್ತೆ ಉದ್ದ ಮೂತಿಯ ಎಣ್ಣೆ ಡಬ್ಬಿ ಹಿಡಿದು ಹೊರಡುತ್ತಾರೆ. ಎರಡೂ ಹೊಲಿಗೆ ಯಂತ್ರ, ಕತ್ತರಿಗಳು, ಬಾಗಿಲಿನ ತಿರುಗಣಿ, ಬೀಗ, ಫ್ಯಾನು. ತೂತು ಕಂಡಲ್ಲೆಲ್ಲ ಎಣ್ಣೆ. ಅವರ ಯಂತ್ರ ಮೂವತ್ತನಾಲ್ಕು ವರ್ಷದಲ್ಲಿ ಒಂದೇ ಒಂದು ಸಲ ಕೆಟ್ಟಿದೆ, ಅದೂ ಅವರಿಗೆ ಜ್ವರ ಬಂದು ಎರಡು ಶನಿವಾರ ತಪ್ಪಿದಾಗ. ಆ ಶನಿವಾರ ಬಂದೂಕೂ ಸಾಲಿನಲ್ಲಿತ್ತು.

“ಆ ತಾತ ಒರೆಸಿ ಅಷ್ಟೇ ಅಂದ್ರಲ್ಲ ಅತ್ತೆ,” ಎಂದೆ.

“ಆರು ವರ್ಷ ಅಟ್ಟದ ಮೇಲೆ ಒಣಗಿಸಿದವರ ಮಾತು ಕೇಳ್ತೀಯಾ? ಒಳಗೆ ಸ್ಪ್ರಿಂಗ್ ಇದೆ, ಪಿಸ್ಟನ್ ಇದೆ. ಒರೆಸಿದ್ರೆ ಆಗತ್ತಾ? ಕುಡಿಸ್ಬೇಕು.”

ನಳಿಗೆ ಮಡಚಿದಾಗ ಕಾಣುವ ಚಿಕ್ಕ ತೂತಿನೊಳಗೆ ಅವರು ಹನ್ನೆರಡು ತೊಟ್ಟು ಕುಡಿಸಿದರು. ನಾನು ಟಾರ್ಚು ಹಿಡಿದಿದ್ದೆ.

ಮಾರನೆಯ ದಿನ ಭಾನುವಾರ. ಪರೀಕ್ಷೆಗೆ ಇನ್ನೂ ಎರಡು ವಾರ ಇತ್ತು. ಕ್ಲಬ್ಬಿನಲ್ಲಿ ಅಭ್ಯಾಸಕ್ಕೆ ಬನ್ನಿ ಎಂದು ಯಜಮಾನರು ಹೇಳಿದ್ದರು. ಅತ್ತೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಬಂದೂಕಿಗೆ ಪರದೆಯ ಉಳಿದ ಕ್ಯಾನ್ವಾಸಿನಲ್ಲಿ ಹೊಲಿದ ಚೀಲ ಹಾಕಿ ಹೊರಟರು. ಎಲ್ಲರೂ ಕುರ್ಚಿ ತಿರುಗಿಸಿಕೊಂಡು ಕೂತರು. ಅತ್ತೆ ಗುರಿಯಿಟ್ಟು ಕುದುರೆ ಎಳೆದರು.

ಏರ್ ಗನ್ನಿಗೆ ಅಂಥ ಸದ್ದು ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ‘ಢಂ’ ಎಂದಿತು. ತಗಡಿನ ಮೇಲೆ ಕೂತಿದ್ದ ಪಾರಿವಾಳಗಳೆಲ್ಲ ಎದ್ದವು. ನಳಿಗೆಯಿಂದ ನೀಲಿ ಹೊಗೆ ಬಂತು. ಗುಂಡು ಎಲ್ಲಿ ಹೋಯಿತೋ ಕಾಣಲಿಲ್ಲ. ಕಾಗದದ ಮೇಲಂತೂ ಇರಲಿಲ್ಲ. ಇಡೀ ಶೆಡ್ಡಿನಲ್ಲಿ ಸುಟ್ಟ ಎಣ್ಣೆಯ ವಾಸನೆ.

“ಒಗ್ಗರಣೆ ಹಾಕಿದ್ರಾ ಅಮ್ಮ?” ಎಂದರು ಒಬ್ಬರು.

“ಯುದ್ಧಕ್ಕೆ ಹೊರಟ ಹಾಗಿದೆ, ಯಾವ ದೇಶದ ಮೇಲೆ?” ಎಂದರು ಇನ್ನೊಬ್ಬರು.

ಎಲ್ಲರಿಗಿಂತ ಹೆಚ್ಚು ನಕ್ಕವರು ದುರ್ಬೀನಣ್ಣ. ಅವರು ವಿಮೆ ಏಜೆಂಟರು, ಯಜಮಾನರ ಗೆಳೆಯರು. ಖಾಲಿಯಾಗುವ ಕುರ್ಚಿಗೆ ಅವರೂ ಕಣ್ಣಿಟ್ಟಿದ್ದರು. ನಾವು ಗಾಜಿನ ಬಾಗಿಲಿನ ಅಂಗಡಿಯಲ್ಲಿ ನೋಡಿ ಬಿಟ್ಟಿದ್ದ ಸಾವಿರ ಅಡಿಯ ಬಂದೂಕನ್ನು ಅವರು ಕೊಂಡಿದ್ದರು. ಅದರ ಮೇಲೆ ಅಂಗಡಿಯವರು ಕೊಟ್ಟದ್ದಕ್ಕಿಂತ ದೊಡ್ಡ ದೂರದರ್ಶಕ ಹಾಕಿಸಿದ್ದರಿಂದ ಆ ಹೆಸರು. ಬಂದೂಕಿನ ಚೀಲಕ್ಕೆ ಹದಿಮೂರು ಜೇಬು. ನಾನು ಎಣಿಸಿದ್ದೇನೆ. ಎಲ್ಲ ಜೇಬಿನ ಹೊಲಿಗೆಯೂ ಸೊಟ್ಟ.

ಅತ್ತೆ ಮತ್ತೆ ಎರಡು ಗುಂಡು ಹಾರಿಸಿದರು, ಎರಡೂ ಢಂ. ಆಮೇಲೆ ಬಂದೂಕನ್ನು ಚೀಲಕ್ಕೆ ಹಾಕಿ, ದಾರ ಕಟ್ಟಿ, “ಬರ್ತೀವಿ,” ಎಂದು ಹೊರಟರು. ದಾರಿಯುದ್ದಕ್ಕೂ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದರು. ಅವರ ಕಿವಿ ಕೆಂಪಾಗಿತ್ತು.

ಬೀದಿಯ ಕೊನೆಯ ಸೈಕಲ್ ರಿಪೇರಿಯವರು ಬಂದೂಕನ್ನು ಮೂಸಿ ನೋಡಿದ ಕೂಡಲೇ ಹೇಳಿದರು. ಸೈಕಲ್ ಪಂಪಿನ ಕೆಲಸ ತಿಳಿದವರಿಗೆ ಇದೇನೂ ಹೊಸತಲ್ಲ.

“ಅಕ್ಕ, ಇದರ ಹೊಟ್ಟೇಲಿ ಗಾಳಿ ಒತ್ತತ್ತೆ. ಒತ್ತಿದ ಗಾಳಿ ಕಾಯತ್ತೆ. ಕಾದಲ್ಲಿ ಎಣ್ಣೆ ಇದ್ರೆ ಉರಿಯತ್ತೆ. ನೀವು ಏರ್ ಗನ್ ತಗೊಂಡು ಡೀಸೆಲ್ ಎಂಜಿನ್ ಮಾಡಿದೀರ.”

“ಎಣ್ಣೆ ಹಾಕಿದ್ದು ತಪ್ಪಾ?” ಎಂದು ಅತ್ತೆ ಕೇಳಿದ ರೀತಿ ನಾನು ಇನ್ನೂ ಮರೆತಿಲ್ಲ. ಜೀವನದಲ್ಲಿ ಅವರು ನಂಬಿದ್ದ ವಿಷಯಗಳು ಬಹಳ ಇಲ್ಲ.

“ಹೊಟ್ಟೆ ಒಳಗೆ ಹಾಕಿದ್ದು ತಪ್ಪು. ಹೊರಗೆ ತಿರುಗೋ ಕಡೆ ಒಂದು ತೊಟ್ಟು, ಸಾಕು.”

ಅವರು ಅದನ್ನು ಪೂರ್ತಿ ಬಿಚ್ಚಿ ಒಣಗಿಸಿ, ಅಂಚು ಸುಟ್ಟಿದ್ದ ಒಂದು ವಾಷರ್ ಬದಲಿಸಿ ಕೊಟ್ಟರು. ಕೂಲಿಯ ಬದಲು ಅವರ ಎರಡು ಪ್ಯಾಂಟಿಗೆ ಮೊಣಕಾಲಿನ ತೇಪೆ ಹಾಕಿಕೊಟ್ಟೆವು.

ಅಭ್ಯಾಸಕ್ಕೆ ಅತ್ತೆ ಮತ್ತೆ ಕ್ಲಬ್ಬಿಗೆ ಹೋಗಲಿಲ್ಲ. ನಮ್ಮ ಮನೆ ರೈಲು ಡಬ್ಬಿಯಂತೆ ಉದ್ದ: ಮುಂದೆ ಅಂಗಡಿ, ಆಮೇಲೆ ನಡುಮನೆ, ಅಡುಗೆಮನೆ, ಕೊನೆಗೆ ಬಚ್ಚಲು. ಅಂಗಡಿಯ ಬಾಗಿಲಿನಿಂದ ಅಡುಗೆಮನೆಯ ಕೊನೆಯ ಗೋಡೆಗೆ ಟೇಪು ಹಿಡಿದರೆ ಹತ್ತು ಮೀಟರಿಗೆ ಒಂದು ಗೇಣು ಹೆಚ್ಚು. ರಟ್ಟಿನ ಪೆಟ್ಟಿಗೆಯಲ್ಲಿ ಅಂಗಡಿಯ ಚಿಂದಿಯನ್ನೆಲ್ಲ ಒತ್ತೊತ್ತಿ ತುಂಬಿ, ಹಿಂದೆ ದಪ್ಪ ಹಲಗೆ ನಿಲ್ಲಿಸಿ, ಮುಂದೆ ಕಾಗದ ಅಂಟಿಸಿದೆ. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಒಂದು ಗಂಟೆ, ಬೀದಿ ಬಾಗಿಲಿಗೆ ಚಿಲಕ ಹಾಕಿ, ಅತ್ತೆ ಹೊಡೆಯುವುದು, ನಾನು ಹಿಂದೆ ನಿಂತು ಬರೆದುಕೊಳ್ಳುವುದು. ಆ ಒಂದು ಗಂಟೆ ಯಾರೂ ನಡುಮನೆ ದಾಟುವಂತಿಲ್ಲ. ಅಪ್ಪ ಸ್ನಾನಕ್ಕೆ ಹೋದವರು ಬಚ್ಚಲಲ್ಲೇ ಬಂದಿ. ಒಳಗಿನಿಂದ ಚಿಲಕ ಹಾಕಿಕೊಂಡೇ ಕೂಗುತ್ತಿದ್ದರು.

“ಅಕ್ಕ! ಕದನ ವಿರಾಮ ಯಾವಾಗ?”

“ಇನ್ನು ಹತ್ತು ಗುಂಡು!”

“ನನ್ನ ಆಫೀಸು?”

“ಮೀಟರ್ ಎಲ್ಲಿಗೂ ಓಡಿ ಹೋಗಲ್ಲ!”

ಮೊದಲ ವಾರ ಗುಂಡುಗಳು ಕಾಗದದ ಉದ್ದಗಲಕ್ಕೆ ಹರಡಿ ಬಿದ್ದವು. ಅತ್ತೆ ಬಂದೂಕನ್ನು ಭುಜಕ್ಕೆ ಒತ್ತಿ, ಎಡಗೈಯಲ್ಲಿ ಬಿಗಿಯಾಗಿ ಹಿಡಿದು, ಹಲ್ಲು ಕಚ್ಚಿ ಹೊಡೆಯುತ್ತಿದ್ದರು. ಬಿಗಿ ಹಿಡಿದಷ್ಟೂ ಗುಂಡು ಚದುರುತ್ತಿತ್ತು. ಎಂಟನೆಯ ದಿನ ನಾನು ಒಂದು ಜಾರುವ ಬಟ್ಟೆಯ ಅಂಚು ಹೊಲಿಯುತ್ತಿದ್ದೆ. ಸೊಟ್ಟಗಾಗಬಾರದೆಂದು ಬಟ್ಟೆಯನ್ನು ಗಟ್ಟಿಯಾಗಿ ಎಳೆದು ಹಿಡಿದಿದ್ದೆ.

“ಎಳೀಬೇಡ್ವೇ! ಕೈ ಸುಮ್ನೆ ಕೆಳಗಿಡು, ಬಟ್ಟೆ ತಾನಾಗೇ ಹೋಗತ್ತೆ. ಹಿಡಿದ್ರೆ ಸೂಜಿ ಜೊತೆ ಜಗಳ...” ಎಂದು ಬೈಯುತ್ತಿದ್ದವರು ನಡುವೆಯೇ ನಿಲ್ಲಿಸಿದರು. ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿದರು. ಆಗ ಮಧ್ಯಾಹ್ನ, ಗಿರಾಕಿಗಳು ಬರುವ ಹೊತ್ತು.

ಎಡಗೈ ಬಿಚ್ಚಿ, ಅಂಗೈಯ ಮೇಲೆ ಬಂದೂಕನ್ನು ಸುಮ್ಮನೆ ಮಲಗಿಸಿದರು. ಭುಜಕ್ಕೆ ತಾಗಿದ್ದೂ ತಾಗದ ಹಾಗೆ. ಅದು ಒದೆಯುವಷ್ಟು ಒದೆಯಲಿ ಎಂದು ಬಿಟ್ಟರು. ಐದು ಗುಂಡು. ಕಾಗದ ತಂದು ಕೊಟ್ಟೆ. ನಾಲ್ಕು ಗುಂಡು ವೃತ್ತದೊಳಗೆ, ಒಂದು ಗೆರೆಯ ಮೇಲೆ. ಹೊರಗೆ ಯಾರೋ ಬಾಗಿಲು ತಟ್ಟುತ್ತಿದ್ದರು. ಅತ್ತೆಗೆ ಕೇಳಿಸಲಿಲ್ಲ.

ಪರೀಕ್ಷೆಯ ಭಾನುವಾರ ಶೆಡ್ಡಿನಲ್ಲಿ ಎಂಟನೆಯ ಕುರ್ಚಿ ಖಾಲಿ ಇತ್ತು. ಖಾಲಿ ಎಂದರೆ, ಅದರ ಮೇಲೆ ದುರ್ಬೀನಣ್ಣನ ಟೋಪಿ ಇತ್ತು. ಯಜಮಾನರು ಅವರಿಗೆ ಮೊದಲೇ ಮಾತು ಕೊಟ್ಟುಬಿಟ್ಟಿದ್ದರೆಂದು ನಮಗೆ ಅಲ್ಲಿ ಹೋದ ಮೇಲೆ ತಿಳಿಯಿತು.

“ಬಂದ್ರಾ ಅಮ್ಮ? ಬನ್ನಿ ಬನ್ನಿ. ಆಸೆ ಪಟ್ಟಿದೀರ, ಹೊಡೆದು ನೋಡ್ಬಿಡಿ. ಇವತ್ತು ಹೊಗೆ ಇಲ್ಲ ತಾನೆ?” ಎಂದರು ಯಜಮಾನರು.

“ಇವರ ಪರೀಕ್ಷೆ ಆಯ್ತಾ?” ಎಂದು ಅತ್ತೆ ಟೋಪಿಯ ಕಡೆ ನೋಡಿದರು.

“ಅವರು ನಮ್ಮವರೇ, ಅವರಿಗೆಂಥ ಪರೀಕ್ಷೆ?”

ಅತ್ತೆ ಗೆರೆಯ ಹತ್ತಿರ ಹೋಗಿ ನಿಂತರು. ಒಂದನೆಯದು ಒಳಗೆ. ಎರಡನೆಯದು ಒಳಗೆ. ಮೂರನೆಯದು ಎರಡನೆಯದರ ಪಕ್ಕಕ್ಕೇ. ಅಲ್ಲಿಯವರೆಗೆ ಪತ್ರಿಕೆ ಓದುತ್ತಿದ್ದವರು ಅದನ್ನು ಮಡಚಿದರು. ನಾಲ್ಕನೆಯದೂ ಒಳಗೆ. ‘ಅದೃಷ್ಟ’ ಎಂದು ಹೇಳಲು ಯಾರಿಗೂ ನೆನಪಾಗಲಿಲ್ಲ.

ಐದನೆಯದು ಹೊರಗೆ ಹೋಯಿತು.

ಹೆಚ್ಚಲ್ಲ. ಗೆರೆಗೂ ತೂತಿಗೂ ನಡುವೆ ಎರಡು ದಾರದಷ್ಟು ಬಿಳಿ ಕಾಗದ. ಯಜಮಾನರು ಕಾಗದ ಹಿಡಿದು, ಕನ್ನಡಕ ಏರಿಸಿ, ಇಳಿಸಿ, ನೋಡಿದರು. ಸದಸ್ಯರ ಮುಖ ನೋಡಿದರು. ಅವರ ಔದಾರ್ಯ ಮತ್ತೆ ಉಕ್ಕಿತು.

“ಹೆಂಗಸರಿಗೆ ನಾಲ್ಕು ಸಾಕು ಬಿಡಿ! ಪಾಸ್. ಒಂಬತ್ತನೇ ಕುರ್ಚಿ ಒಂದು ತರಿಸೋಣ. ಹೇಗೂ ಟೀ ಮಾಡೋಕೆ, ಪರದೆಗೆ ತೇಪೆ ಹಾಕೋಕೆ ಒಬ್ಬರು ಬೇಕಾಗಿತ್ತು.”

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಕುರ್ಚಿ ಸಿಕ್ಕಿತಲ್ಲ ಎಂದು. ಅತ್ತೆ ತಟ್ಟಲಿಲ್ಲ.

“ಹಲಗೆ ಮೇಲೆ ಐದು ಅಂತ ಬರೆದಿದೆ.”

“ಅಯ್ಯೋ, ಎರಡು ದಾರದಷ್ಟು ತಾನೆ ಅಮ್ಮ?”

“ಎರಡು ದಾರ ಬಿಗಿ ಆದ್ರೆ ನೀವು ಪ್ಯಾಂಟು ವಾಪಸ್ ತರ್ತೀರಿ ಯಜಮಾನ್ರೆ. ನನ್ನದು ನಾಲ್ಕು. ನಾನು ಪಾಸಾಗಿಲ್ಲ.” ಎಂಟನೆಯ ಕುರ್ಚಿಯ ಕಡೆ ಒಮ್ಮೆ ನೋಡಿದರು. ಆ ಕುರ್ಚಿ ಅವರಿಗೆ ಎಷ್ಟು ಬೇಕಾಗಿತ್ತೆಂದು ಅಲ್ಲಿ ನನಗೆ ಮಾತ್ರ ಗೊತ್ತಿತ್ತು. “ಈಗ ಅವರು ಹೊಡೀಲಿ. ಅವರು ಐದು ಹೊಡೆದ್ರೆ ಕುರ್ಚಿ ಅವರದು.”

ಯಜಮಾನರು ಏನೋ ಹೇಳಹೊರಟರು. ಅಷ್ಟರಲ್ಲಿ ಪತ್ರಿಕೆ ಮಡಚಿದ್ದ ಸದಸ್ಯರು, “ಸರಿ ತಾನೆ? ಹೊಡೀಲಿ,” ಎಂದರು. ಇನ್ನಿಬ್ಬರು ಹೂಂ ಎಂದರು.

ದುರ್ಬೀನಣ್ಣ ಎದ್ದರು. ಹದಿಮೂರು ಜೇಬಿನಿಂದ ಏನೇನೋ ತೆಗೆದರು: ಗಾಜು ಒರೆಸುವ ಬಟ್ಟೆ, ಕೈಗವಸು, ಗಾಳಿ ಎಷ್ಟಿದೆ ಎಂದು ನೋಡುವ ಒಂದು ಚಕ್ರ. ಶೆಡ್ಡಿಗೆ ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ನಮ್ಮ ಪರದೆ, ಚಕ್ರ ತಿರುಗಲಿಲ್ಲ. ಐದು ಹೊಡೆದರು. ಪ್ರತಿ ಸಲ ಬಂದೂಕು ಒದ್ದಾಗಲೂ ಆ ದೊಡ್ಡ ದೂರದರ್ಶಕ ಹಿಡಿಕೆಯಲ್ಲಿ ತುಸು ತುಸು ಜಾರುವುದು ನನಗೆ ಹಿಂದಿನಿಂದ ಕಾಣುತ್ತಿತ್ತು. ಎರಡು ಒಳಗೆ, ಎರಡು ಹೊರಗೆ. ಐದನೆಯದು ಪಕ್ಕದ ಕಾಗದದ ನಟ್ಟನಡುವೆ ಬಿತ್ತು. ಗುರಿ ಚೆನ್ನಾಗಿತ್ತು, ಕಾಗದ ಮಾತ್ರ ತಪ್ಪು.

“ಗಾಳಿ,” ಎಂದರು ದುರ್ಬೀನಣ್ಣ.

ಯಾರೋ ಒಬ್ಬರು, ಅಧ್ಯಕ್ಷರು ಯಾವಾಗ ಐದು ಹೊಡೆದಿದ್ದು ಎಂದು ಕೇಳಿದರು. ಅಧ್ಯಕ್ಷರಿಗೆ ಆಗಲೇ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ, ಕುರ್ಚಿ ಮುಂದಿನ ತಿಂಗಳ ಕೊನೆಯ ಭಾನುವಾರದವರೆಗೆ ಖಾಲಿ ಇರತಕ್ಕದ್ದು, ಇಬ್ಬರೂ ಮತ್ತೆ ಪರೀಕ್ಷೆಗೆ ಬರತಕ್ಕದ್ದು ಎಂದು ಘೋಷಿಸಿದರು. ದುರ್ಬೀನಣ್ಣ ಕುರ್ಚಿಯ ಮೇಲಿನ ಟೋಪಿ ತೆಗೆದುಕೊಂಡರು.

ಮನೆಗೆ ಬರುವಾಗ ನನಗೆ ಅಳು ಬಂದಿತ್ತು. “ಒಪ್ಕೊಂಡಿದ್ರೆ ಇವತ್ತೇ ಸಿಕ್ತಿತ್ತಲ್ಲ ಅತ್ತೆ,” ಎಂದೆ.

“ಸಿಕ್ತಿತ್ತು. ಆಮೇಲೆ ಪ್ರತಿ ಭಾನುವಾರ ಗುರಿ ಹಿಡಿದಾಗೆಲ್ಲ ಆ ಎರಡು ದಾರ ತಲೇಲಿ ಇರ್ತಿತ್ತು. ಇರೋ ಅಳತೆಗಳೇ ಸಾಲ್ದಾ?” ಎಂದರು. ಸ್ವಲ್ಪ ದೂರ ನಡೆದ ಮೇಲೆ, “ನಾಲ್ಕನೇದು ಒಳಗೆ ಹೋದ ಕೂಡ್ಲೇ ಗೆದ್ದೆ ಅಂದ್ಕೊಂಡೆ ಕಣೆ. ಐದನೇದನ್ನ ಹಿಡಿದುಬಿಟ್ಟೆ,” ಎಂದು ಎಡಗೈಯನ್ನು ಮುಚ್ಚಿ ಬಿಚ್ಚಿ ತೋರಿಸಿದರು.

ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದರು. ನಾಲ್ಕು ಎಂದು ಕೇಳಿ, ಏನೋ ತಮಾಷೆ ಮಾಡಲು ಬಾಯಿ ತೆರೆದರು, ಅಕ್ಕನ ಮುಖ ನೋಡಿ ಮುಚ್ಚಿದರು. “ನಾಳೆಯಿಂದ ನಾನು ಅರ್ಧ ಗಂಟೆ ಮೊದ್ಲೇ ಸ್ನಾನ ಮುಗಿಸ್ತೀನಿ,” ಎಂದು ಒಳಗೆ ಹೋದರು.

ಚಪ್ಪಟೆ ತಲೆಯ ಗುಂಡು ಒಂದು ಡಬ್ಬಿಯ ತಳದಲ್ಲಿ ಹನ್ನೊಂದು ಮಾತ್ರ ಉಳಿದಿದೆ. ಅತ್ತೆಗೆ ನಾಳೆ ಶಾಲಾ ಸಮವಸ್ತ್ರದ ನಲವತ್ತು ಪ್ಯಾಂಟುಗಳ ಕೆಲಸ ಇದೆ. ಹಾಗಾಗಿ ನಾಳೆ ಬೆಳಿಗ್ಗೆ ಪೆಟ್ಟಿಗೆಗೆ ಹೊಸ ಚಿಂದಿ ತುಂಬಿ, ಐವತ್ತು ಕಾಗದಕ್ಕೆ ಲೋಟ ಇಟ್ಟು ವೃತ್ತ ಬರೆದು, ಆಮೇಲೆ ಹಳೆಯ ಪೇಟೆಯ ಆ ಅಂಗಡಿಗೆ ನಾನೊಬ್ಬಳೇ ಹೋಗಿ, ಬಾಯಿಬಿಟ್ಟು ಕೇಳಿ, ಮೂರು ಡಬ್ಬಿ ಗುಂಡು ತರುತ್ತೇನೆ.